ಕೆಂಪು ಬಣ್ಣದ ತಾರೀಖು

ಮರೆಯಬಾರದ ಕೆಲಸವೇನಾದರೂ ಇದ್ದರೆ ನಮ್ಮ ಮನೆಗಳ ಹೆಂಗಸರು ದುಪಟ್ಟಾದ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದರು. ಸೀರೆ ಉಡುವವರು ಸೆರಗಿಗೆ ಹಾಕುತ್ತಿದ್ದರು. ಕಿರಾಣಿ ಅಂಗಡಿಯವರು ಬಾಕಿ ಚೀಟಿಗಳನ್ನು ತಂತಿಗೆ ಚುಚ್ಚಿ ನೇತುಹಾಕುತ್ತಿದ್ದರು. ಓದಿದವರು ಡೈರಿ ಇಡುತ್ತಿದ್ದರು. ಇವೆಲ್ಲ ಒಬ್ಬೊಬ್ಬರ ನೆನಪಿಗೆ ಸಾಕಾಗುವಂಥ ಉಪಾಯಗಳು. ಆದರೆ ಎಂಟು ಮಂದಿ ಸೇರಿ ಮಾಡಬೇಕಾದ ಕೆಲಸ ಬಂದರೆ ಗಂಟು ಯಾರ ಸೆರಗಿಗೆ ಹಾಕುವುದು?

ಈ ಪ್ರಶ್ನೆಗೆ ಉತ್ತರ ಮಾರುವ ಕಂಪನಿಗಳು ಇಂದು ಹತ್ತಾರಿವೆ. ಟ್ರೆಲೊ, ಆಸನ, ನೋಷನ್, ಟುಡುಯಿಸ್ಟ್, ಜಿರಾ, ಜೊಹೊ ಪ್ರಾಜೆಕ್ಟ್ಸ್ ಹೀಗೆ ಒಂದರ ಪಕ್ಕದಲ್ಲಿ ಒಂದು ಅಂಗಡಿ. ಯಾರು ಯಾವ ಕೆಲಸ ಮಾಡಬೇಕು, ಯಾವಾಗ ಮುಗಿಸಬೇಕು, ಎಷ್ಟು ಮುಗಿದಿದೆ ಎಂಬುದನ್ನೆಲ್ಲ ಮೊಬೈಲಿನ ಪರದೆಯ ಮೇಲೆ ತೋರಿಸುವ ಆ್ಯಪ್‌ಗಳಿವು. ಕಚೇರಿಗಳಲ್ಲಿ, ಅದರಲ್ಲೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಇವು ದಿನದ ಅನ್ನ. ನಮ್ಮಂಥ ಊರಿನವರಿಗೆ, ಕಥೆ ಬರೆಯುವವರಿಗೆ, ಇವುಗಳಿಂದ ಏನಾಗಬೇಕು ಎಂದು ನೀವು ಕೇಳಬಹುದು. ಕಳೆದೊಂದು ವರ್ಷದಲ್ಲಿ ನಾನೂ ನನ್ನ ಜೊತೆಗಾರರೂ ಈ ಅಂಗಡಿಗಳ ಮುಂದೆ ಸಾಕಷ್ಟು ಹೊತ್ತು ನಿಂತೆವು. ಅಲ್ಲಿ ಕಂಡದ್ದನ್ನು ಹೇಳಿಕೊಳ್ಳಬೇಕೆನಿಸಿದೆ.

ನಮ್ಮ ಕೆಲಸ ದೊಡ್ಡದೇನಲ್ಲ. ದಾವಣಗೆರೆಯ ಹಳೆಯ ಮೊಹಲ್ಲಾಗಳಲ್ಲಿರುವ ಅಜ್ಜಿಯರಿಂದ ದಖನಿ ಕಥೆ, ಲೋರಿ, ಪಹೇಲಿಗಳನ್ನು ಕೇಳಿ ಸಂಗ್ರಹಿಸಿ ಪುಸ್ತಕ ಮಾಡುವುದು. ಎಡ ಪುಟದಲ್ಲಿ ಉರ್ದು ಲಿಪಿ, ಬಲ ಪುಟದಲ್ಲಿ ಕನ್ನಡ ಲಿಪಿ, ಕೆಳಗೆ ಕನ್ನಡ ಅನುವಾದ. ಬಿಜಾಪುರದ ಸೂಫಿಗಳ ಕಾಲದಲ್ಲೇ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರ ಬಾಯಲ್ಲಿ ದಖನಿಯ ಚಕ್ಕಿನಾಮಾಗಳಿದ್ದವು. ಆದರೆ ಮನೆಯೊಳಗಿನ ಈ ದಖನಿಯನ್ನು ನಮ್ಮ ಶಾಲೆಗಳು ಎಂದೂ ಪುಸ್ತಕದ ಭಾಷೆ ಎಂದು ಒಪ್ಪಲಿಲ್ಲ. ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವಳು. ಎರಡೂ ಕಡೆ ಮೇಷ್ಟ್ರುಗಳು ನನ್ನ ಮನೆಮಾತನ್ನು ತಿದ್ದಿದವರೇ. ಈಗ ಆ ಮಾತನ್ನು ತಿದ್ದದೆ ಬರೆದಿಡುವ ಆಸೆ.

ನಾವು ಎಂಟು ಮಂದಿ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ ಒಬ್ಬ ತಂಗಿ, ಅಂಗನವಾಡಿಯಲ್ಲಿ ಕೆಲಸ ಮಾಡುವ ಇನ್ನೊಬ್ಬಳು. ಅಜ್ಜಿಯರ ಬಳಿ ಕೂತು ಕೇಳಿಸಿಕೊಂಡು ಬರುವವರು ಇವರಿಬ್ಬರು. ಹಿಂದೆ ಲಿಥೋ ಪ್ರೆಸ್ಸಿಗೆ ಕೈಬರಹದಲ್ಲಿ ಉರ್ದು ಪುಟಗಳನ್ನು ಬರೆದುಕೊಡುತ್ತಿದ್ದ ಕಾತಿಬ್ ಸಾಹೇಬರು, ವಯಸ್ಸು ಎಪ್ಪತ್ತೇಳು. ನಿವೃತ್ತರಾದ ಕನ್ನಡ ಮೇಷ್ಟ್ರು ಒಬ್ಬರು. ಇನ್‌ಪೇಜ್, ನುಡಿ ಎರಡನ್ನೂ ಬಲ್ಲ ಡಿಟಿಪಿ ಅಂಗಡಿಯ ಹುಡುಗ. ಲೆಕ್ಕ ಇಡಲು ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ತಂಗಿಯ ಮಗಳು. ಎಂಟನೆಯವಳು ನಾನು. ಯಾರಿಗೂ ಸಂಬಳವಿಲ್ಲ.

ಗುರಿ ಅರವತ್ತು ಕಥೆ, ಹಾಡುಗಳು. ಒಂದೊಂದೂ ಏಳು ಹಂತ ದಾಟಬೇಕು. ಕೇಳಿ ಧ್ವನಿ ಮುದ್ರಿಸುವುದು, ಉರ್ದು ಲಿಪಿಯಲ್ಲಿ ಬರೆಯುವುದು, ಕನ್ನಡ ಲಿಪಿಗೆ ತರುವುದು, ಅನುವಾದ ಮಾಡುವುದು, ಡಿಟಿಪಿ, ಕರಡು ತಿದ್ದುವುದು, ಕೊನೆಗೆ ಹೇಳಿದ ಅಜ್ಜಿಗೇ ಓದಿ ಕೇಳಿಸಿ ಅವರ ಒಪ್ಪಿಗೆ ಪಡೆಯುವುದು. ಲೆಕ್ಕ ಹಾಕಿದರೆ ನಾನೂರ ಇಪ್ಪತ್ತು ಕೆಲಸ. ಹೇಳುವವರೆಲ್ಲ ಎಪ್ಪತ್ತು ದಾಟಿದವರಾದ್ದರಿಂದ ನಿಧಾನ ಮಾಡುವಂತೆಯೂ ಇಲ್ಲ.

ಮೊದಲ ನಾಲ್ಕು ತಿಂಗಳು ಎಲ್ಲವೂ ವಾಟ್ಸ್ಆ್ಯಪ್ ಗುಂಪಿನಲ್ಲೇ ನಡೆಯಿತು. ಬೆಳಗಿನ ಗುಲಾಬಿ ಹೂಗಳು, ಜುಮ್ಮಾ ಮುಬಾರಕ್‌ಗಳು, ಯಾರದೋ ಮನೆಯ ಮದುವೆ ಕಾರ್ಡು, ಇವುಗಳ ನಡುವೆ ಎಲ್ಲೋ ಒಂದು ಲೋರಿಯ ಧ್ವನಿಮುದ್ರಣ ಹೂತುಹೋಗಿರುತ್ತಿತ್ತು. ಒಂದೇ ಲೋರಿಯನ್ನು ಇಬ್ಬರು ಬರೆದು ಕಳಿಸಿದರು. ಇನ್ನೊಂದನ್ನು ಯಾರೂ ಬರೆಯಲಿಲ್ಲ. ‘ಮೂರನೇ ಕಥೆ ಎಲ್ಲಿಗೆ ಬಂತು?’ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆಯನ್ನು ಮೂರನೆಯದೆಂದು ತಿಳಿದಿರುತ್ತಿದ್ದರು. ಬಕ್ರೀದ್ ರಜೆಗೆ ಬಂದ ತಂಗಿಯ ಮಗಳು ಇದನ್ನೆಲ್ಲ ನೋಡಿ ನಕ್ಕಳು. ‘ಖಾಲಾ, ನಿಮಗೆ ಒಂದು ಆ್ಯಪ್ ಬೇಕು’ ಎಂದಳು. ಯಾವುದು ಎಂದು ಕೇಳಿದೆ. ಅದಕ್ಕೆ ಉತ್ತರ ಹೇಳಲು ಅವಳಿಗೆ ಎರಡು ಸಂಜೆ ಬೇಕಾಯಿತು.

ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಹೆಸರು ಎಷ್ಟಿದ್ದರೂ ಈ ಆ್ಯಪ್‌ಗಳೊಳಗೆ ಇರುವ ಆಕಾರಗಳು ನಾಲ್ಕೇ: ಪಟ್ಟಿ, ಬೋರ್ಡು, ಕೋಷ್ಟಕ ಮತ್ತು ಕಾಲರೇಖೆ.

ಪಟ್ಟಿ ಎಲ್ಲರಿಗೂ ಗೊತ್ತಿರುವುದೇ. ಮಾಡಬೇಕಾದದ್ದನ್ನು ಒಂದರ ಕೆಳಗೊಂದು ಬರೆದು, ಮುಗಿದದ್ದಕ್ಕೆ ಗೆರೆ ಎಳೆಯುವುದು. ಟುಡುಯಿಸ್ಟ್ ಈ ಬಗೆಯದು. ಬೋಸ್ನಿಯಾದಲ್ಲಿ ಹುಟ್ಟಿ, ಯುದ್ಧದ ಕಾಲದಲ್ಲಿ ಮನೆಯವರೊಂದಿಗೆ ಡೆನ್ಮಾರ್ಕಿಗೆ ಓಡಿಬಂದ ಅಮಿರ್ ಸಾಲಿಹೆಫೆಂಡಿಚ್ ಎಂಬ ಹುಡುಗ 2007ರಲ್ಲಿ, ವಿದ್ಯಾರ್ಥಿಯಾಗಿದ್ದಾಗ, ತನ್ನ ಕೆಲಸಗಳನ್ನು ತಾನು ನೆನಪಿಟ್ಟುಕೊಳ್ಳಲು ಮಾಡಿಕೊಂಡದ್ದು ಅದು. ಒಬ್ಬರ ಬದುಕಿಗೆ ಪಟ್ಟಿ ಸಾಕು. ಒಂದು ಕೆಲಸ ಏಳು ಕೈ ದಾಟಬೇಕಾದಾಗ ಪಟ್ಟಿ ಉದ್ದವಾಗುತ್ತ ಹೋಗುತ್ತದೆ, ಏನೂ ಹೇಳುವುದಿಲ್ಲ.

ಬೋರ್ಡಿನದು ಜಪಾನಿನ ಮೂಲ. ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ಎಂಬ ಎಂಜಿನಿಯರ್ ರೂಪಿಸಿದ ‘ಕಾನ್‌ಬಾನ್’ ಪದ್ಧತಿ. ಆ ಪದಕ್ಕೆ ಫಲಕ, ಚೀಟಿ ಎಂಬ ಅರ್ಥ. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಗಿರಾಕಿ ಎತ್ತಿಕೊಂಡಷ್ಟನ್ನು ಮಾತ್ರ ಮತ್ತೆ ತುಂಬುವ ರೀತಿ ಅವರಿಗೆ ದಾರಿ ತೋರಿಸಿತಂತೆ. ಮುಂದಿನವರು ಕೇಳಿದಷ್ಟನ್ನೇ ಹಿಂದಿನವರು ಮಾಡಿಕೊಡಬೇಕು, ಸುಮ್ಮನೆ ರಾಶಿ ಹಾಕಬಾರದು ಎಂಬುದೇ ಅದರ ಸಾರ. ಆ ಚೀಟಿಗಳನ್ನೇ ಪರದೆಯ ಮೇಲೆ ತಂದದ್ದು 2011ರಲ್ಲಿ ನ್ಯೂಯಾರ್ಕಿನ ಫಾಗ್ ಕ್ರೀಕ್ ಕಂಪನಿ ಹೊರತಂದ ಟ್ರೆಲೊ. ಹಂತಕ್ಕೊಂದು ಕಂಬಸಾಲು, ಕೆಲಸಕ್ಕೊಂದು ಕಾರ್ಡು, ಮುಗಿದಂತೆ ಕಾರ್ಡನ್ನು ಬೆರಳಿನಿಂದ ಪಕ್ಕದ ಸಾಲಿಗೆ ಸರಿಸುವುದು. 2017ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿ ಅದನ್ನು ಸುಮಾರು 42.5 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಚೀಟಿ ಸರಿಸುವುದಕ್ಕೆ ಇಷ್ಟು ಬೆಲೆಯೇ ಎಂದು ನಮ್ಮ ಕಾತಿಬ್ ಸಾಹೇಬರು ಬಾಯಿ ಮೇಲೆ ಕೈಯಿಟ್ಟುಕೊಂಡರು. ತಂಗಿಯ ಮಗಳು ಕಚೇರಿಯಲ್ಲಿ ಬಳಸುವ ಜಿರಾ ಕೂಡ ಅದೇ ಕಂಪನಿಯದು. 2002ರಲ್ಲಿ ಸಾಫ್ಟ್‌ವೇರಿನ ದೋಷಗಳನ್ನು ಪತ್ತೆಯಿಡಲು ಹುಟ್ಟಿದ್ದು. ಅದರ ಹೆಸರು ‘ಗೊಜಿರಾ’ ಎಂಬುದರ ತುಂಡು. ಗಾಡ್‌ಜಿಲ್ಲಾ ಎಂಬ ಸಿನಿಮಾ ರಾಕ್ಷಸನನ್ನು ಜಪಾನಿನವರು ಕರೆಯುವುದು ಹಾಗೆ. ‘ಹೆಸರಿಗೆ ತಕ್ಕ ಹಾಗೇ ಇದೆ ಖಾಲಾ’ ಎಂದಳು ಅವಳು.

ಕೋಷ್ಟಕ ಎಂದರೆ ಬ್ಯಾಂಕಿನವರ ಲೆಡ್ಜರಿನ ಮೊಮ್ಮಗ. ನೋಷನ್‌ನಂಥ ಆ್ಯಪ್‌ಗಳಲ್ಲಿ ಒಂದೇ ಕೋಷ್ಟಕವನ್ನು ಬೇಕಾದ ಹಾಗೆ ತಿರುಗಿಸಿ ಪಟ್ಟಿಯಾಗಿ, ಬೋರ್ಡಾಗಿ, ಕ್ಯಾಲೆಂಡರಾಗಿ ನೋಡಬಹುದು. ಪ್ರತಿ ಸಾಲಿನೊಳಗೆ ಒಂದು ಪುಟವನ್ನೇ ಬರೆದಿಡಬಹುದು. ಕಾಲರೇಖೆ ಇವಕ್ಕಿಂತ ಹಳೆಯದು. ಅಮೆರಿಕದ ಹೆನ್ರಿ ಗ್ಯಾಂಟ್ ಎಂಬ ಎಂಜಿನಿಯರ್ ಕಳೆದ ಶತಮಾನದ ಎರಡನೇ ದಶಕದಲ್ಲಿ ಪ್ರಚಾರಕ್ಕೆ ತಂದ ನಕ್ಷೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಹಡಗು ಕಟ್ಟುವ ಕೆಲಸದಲ್ಲೂ ಅದನ್ನು ಬಳಸಿದರು. ಯಾವ ಕೆಲಸ ಯಾವ ವಾರ ಶುರು, ಯಾವ ವಾರ ಮುಕ್ತಾಯ ಎಂದು ಅಡ್ಡಗೆರೆಗಳಲ್ಲಿ ತೋರಿಸುವಂಥದ್ದು.

ಈ ಕಂಪನಿಗಳ ಪೈಪೋಟಿಯ ತಮಾಷೆ ಏನೆಂದರೆ, ಒಂದು ಮಾಡಿದ್ದನ್ನು ಇನ್ನೊಂದೂ ಸೇರಿಸಿಕೊಳ್ಳುತ್ತಲೇ ಬಂದಿದೆ. ಪಟ್ಟಿಯ ಆ್ಯಪ್ ಬೋರ್ಡನ್ನು ತಂದಿತು, ಬೋರ್ಡಿನ ಆ್ಯಪ್ ಕಾಲರೇಖೆಯನ್ನು ತಂದಿತು. ಆಸನ, ಚೆನ್ನೈಯವರ ಜೊಹೊ ಪ್ರಾಜೆಕ್ಟ್ಸ್‌ನಂಥವುಗಳಲ್ಲಿ ಪಟ್ಟಿ, ಬೋರ್ಡು, ಕಾಲರೇಖೆ ಮೂರೂ ಒಂದೇ ಚಾವಣಿಯಡಿ ಸಿಗುತ್ತವೆ. ಹಾಗಾಗಿ ಯಾವುದರಲ್ಲಿ ಏನಿದೆ ಎಂಬ ಹೋಲಿಕೆಯ ಪಟ್ಟಿ ಓದುತ್ತ ಕೂತರೆ ವರ್ಷ ಕಳೆದರೂ ಆಯ್ಕೆ ಮುಗಿಯದು. ನಾವು ಪ್ರಶ್ನೆಯನ್ನು ತಿರುಗಿಸಿ ಹಾಕಿದೆವು. ಆ್ಯಪ್‌ನಲ್ಲಿ ಏನಿದೆ ಎನ್ನುವುದನ್ನು ಬಿಟ್ಟು, ನಮ್ಮಲ್ಲಿ ಏನಿದೆ ಎಂದು ನೋಡಿಕೊಂಡೆವು.

ನಮ್ಮಲ್ಲಿದ್ದದ್ದು ಎರಡು ಹಳೆಯ ಆಂಡ್ರಾಯ್ಡ್ ಫೋನು, ಒಂದು ಗುಂಡಿ ಒತ್ತುವ ಫೋನು. ಅಂಗನವಾಡಿ ತಂಗಿಯ ಫೋನಿನಲ್ಲಿ ಇಲಾಖೆಯ ಕೆಲಸದ ಆ್ಯಪ್ ಮತ್ತು ಫೋಟೋಗಳೇ ತುಂಬಿ ಜಾಗವಿರಲಿಲ್ಲ. ‘ಆಪಾ, ಇನ್ನೊಂದು ಆ್ಯಪ್ ಹಾಕಬೇಕಾದರೆ ಮಗನ ಫೋಟೋ ಅಳಿಸಬೇಕು’ ಎಂದಳು. ಅದಾದ ಮೇಲೆ ಲಿಪಿ. ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುತ್ತೇವೆ, ಕನ್ನಡವನ್ನು ಎಡದಿಂದ ಬಲಕ್ಕೆ. ಎರಡನ್ನೂ, ನಡುವೆ ಒಂದು ಅಂಕಿಯನ್ನೂ ಒಂದೇ ಸಾಲಿನಲ್ಲಿ ಹಾಕಿದರೆ ಎಷ್ಟೋ ಕಡೆ ಪದಗಳು ಜಾಗ ಬದಲಿಸಿ ಕೂರುತ್ತವೆ. ಉರ್ದುವಿನ ನಸ್ತಾಲಿಕ್ ಬರಹ ಇಳಿಜಾರಾಗಿ ಹರಿಯುವಂಥದ್ದು. ಗೂಗಲ್ ಅದಕ್ಕೊಂದು ಉಚಿತ ಅಕ್ಷರವಿನ್ಯಾಸವನ್ನು 2014ರಲ್ಲೇ ಕೊಟ್ಟಿದ್ದರೂ ಎಷ್ಟೋ ಪರದೆಗಳು ಉರ್ದುವನ್ನು ಅರಬಿಯ ನಸ್ಖ್ ಅಕ್ಷರದಲ್ಲೇ ತೋರಿಸುತ್ತವೆ. ಅದನ್ನು ನೋಡಿದ ಕಾತಿಬ್ ಸಾಹೇಬರು, ‘ಇದು ಉರ್ದು ಅಲ್ಲ ಬೇಟಾ, ಉರ್ದುವಿನ ಎಕ್ಸ್‌ರೇ’ ಎಂದರು.

ದುಡ್ಡಿನ ಪ್ರಶ್ನೆ ಬ್ಯಾಂಕಿನವರದು. ಎಲ್ಲ ಆ್ಯಪ್‌ಗಳ ಬಾಗಿಲಲ್ಲೂ ‘ಉಚಿತ’ ಎಂಬ ಬೋರ್ಡಿರುತ್ತದೆ. ಆದರೆ ಆ ಉಚಿತಕ್ಕೆ ಒಂದು ಗಡಿಯಿರುತ್ತದೆ, ಗಡಿಯನ್ನು ಅವರು ಬೇಕಾದಾಗ ಸರಿಸುತ್ತಾರೆ. ಟ್ರೆಲೊದ ಉಚಿತ ಯೋಜನೆಯಲ್ಲಿ ಒಂದು ಗುಂಪಿಗೆ ಹತ್ತೇ ಜನ ಎಂಬ ಮಿತಿ 2024ರಲ್ಲಿ ಬಂತು. ಲಕ್ಷಾಂತರ ಜನ ಬರಹಗಳನ್ನು ಕೂಡಿಟ್ಟಿದ್ದ ಎವರ್‌ನೋಟ್, ಇಟಲಿಯ ಕಂಪನಿಯೊಂದರ ಕೈಸೇರಿದ ಮೇಲೆ, 2023ರ ಡಿಸೆಂಬರಿನಲ್ಲಿ ಉಚಿತ ಖಾತೆಗೆ ಐವತ್ತು ಟಿಪ್ಪಣಿಗಳ ಮಿತಿ ಹಾಕಿತು. ಬರ್ಲಿನ್ನಿನ ವಂಡರ್‌ಲಿಸ್ಟ್ ಇನ್ನೂ ದೊಡ್ಡ ಪಾಠ. ಜನಕ್ಕೆ ಬಹಳ ಹಿಡಿಸಿದ್ದ ಆ ಪಟ್ಟಿಯ ಆ್ಯಪನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡಿತು, 2020ರ ಮೇ 6ರಂದು ಮುಚ್ಚಿತು. ಅದನ್ನು ಕಟ್ಟಿದ ಮನುಷ್ಯನೇ ಮರಳಿ ಕೊಳ್ಳುತ್ತೇನೆಂದು ಬಹಿರಂಗವಾಗಿ ಕೇಳಿದ್ದ. ‘ಲಾಕರ್ ಕೊಟ್ಟವರು ಬೀಗದ ಕೈಯನ್ನೂ ಕೊಡುತ್ತಾರೋ ಇಲ್ಲವೋ ನೋಡಿ’ ಎಂದರು ನಮ್ಮ ಬ್ಯಾಂಕಿನವರು. ಒಳಗಿಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಹೊರತೆಗೆದುಕೊಳ್ಳುವ ದಾರಿ ಇದೆಯೇ ಎಂಬುದು ಅವರ ಮಾತಿನ ಅರ್ಥ. ನೋಷನ್, ಆಸನ, ಟ್ರೆಲೊ ಮೂರರಲ್ಲೂ ಒಂದಲ್ಲ ಒಂದು ರೂಪದಲ್ಲಿ ಆ ದಾರಿ ಇದೆ.

ಇನ್ನು ತಾರೀಖು. ಈ ಆ್ಯಪ್‌ಗಳಿಗೆಲ್ಲ ತಾರೀಖೆಂದರೆ ಪ್ರಾಣ. ನಮ್ಮವರ ಗಡುವುಗಳೋ ಬೇರೆ ಥರ. ‘ಇಶಾ ನಮಾಜ್ ಆದ ಮೇಲೆ ಬರೆಯುತ್ತೇನೆ.’ ‘ಮದುವೆ ಸೀಸನ್ ಮುಗಿಯಲಿ.’ ‘ರಂಜಾನಿನಲ್ಲಿ ನನ್ನ ಕೈಗೆ ಬಿಡುವಿಲ್ಲ ಆಪಾ, ಈದ್ ಬಟ್ಟೆಗಳಿರುತ್ತವೆ.’ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಜಾರುತ್ತದೆ. ಈದ್ ನಾಳೆಯೋ ನಾಡಿದ್ದೋ ಎಂಬುದು ಚಂದ್ರ ಕಂಡ ಮೇಲೆಯೇ ಗೊತ್ತಾಗುವುದು. ‘ಚಾಂದ್ ಕಂಡ ಮೇಲೆ’ ಎಂದು ಬರೆದರೆ ಒಪ್ಪಿಕೊಳ್ಳುವ ತಾರೀಖಿನ ಪೆಟ್ಟಿಗೆ ಯಾವ ಆ್ಯಪ್‌ನಲ್ಲೂ ನಮಗೆ ಸಿಗಲಿಲ್ಲ.

ಇಷ್ಟೆಲ್ಲ ತೂಗಿ ನೋಡಿ ಎರಡು ಆ್ಯಪ್‌ಗಳನ್ನು ಆರಿಸಿ, ಮೂರು ಮೂರು ವಾರ ಪರೀಕ್ಷೆ ಮಾಡುವುದೆಂದು ತೀರ್ಮಾನವಾಯಿತು. ಮೊದಲಿನದರ ಹೆಸರು ಇಲ್ಲಿ ಬೇಡ. ಅದು ಒಳ್ಳೆಯ ಆ್ಯಪ್ಪೇ. ದೊಡ್ಡ ಕಚೇರಿಗಳಿಗಾಗಿ ಮಾಡಿದ್ದು. ಪ್ರತಿ ಕೆಲಸಕ್ಕೂ ಒಬ್ಬರ ಹೆಸರು, ಒಂದು ತಾರೀಖು ಕೇಳುತ್ತಿತ್ತು. ತಾರೀಖು ದಾಟಿದರೆ ಆ ಸಾಲು ಕೆಂಪಾಗುತ್ತಿತ್ತು. ಬೆಳಗ್ಗೆ ಎಂಟಕ್ಕೆ ಫೋನಿಗೆ ಸಂದೇಶ ಬರುತ್ತಿತ್ತು. ಸೋಮವಾರ ಎಲ್ಲರಿಗೂ ಒಂದು ವರದಿ: ಯಾರು ಎಷ್ಟು ಮುಗಿಸಿದರು, ಯಾರದು ಎಷ್ಟು ಬಾಕಿ. ಡಿಟಿಪಿ ಹುಡುಗ ಖುಷಿಯಾಗಿದ್ದ. ಅವನ ಹೆಸರೇ ಮೇಲಿರುತ್ತಿತ್ತು.

ಮೂರನೆಯ ವಾರ ಹೊಲಿಗೆ ತಂಗಿ ಮೌನವಾದಳು. ಗುಂಪಿನಲ್ಲಿ ಮಾತಿಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ. ಮಂಡಕ್ಕಿ ಭಟ್ಟಿಗಳ ಹತ್ತಿರ ಅವಳ ಮನೆ. ಒಂದು ಸಂಜೆ ಹೋದೆ. ಚಹಾ ಕೊಟ್ಟಳು, ಹೊಲಿಗೆ ಯಂತ್ರದ ಮುಂದೆ ಕೂತಳು, ಮುಖ ಎತ್ತಲಿಲ್ಲ. ‘ಏನಾಯ್ತಮ್ಮಾ?’ ಎಂದೆ.

‘ಆಪಾ, ನನ್ನ ಹೆಸರು ತೆಗೆದುಬಿಡಿ.’

ಅವಳ ಫೋನು ಅವಳೊಬ್ಬಳದಲ್ಲ. ಗಂಡ, ಮಗ ಎಲ್ಲರದೂ ಅದೇ. ಬೆಳಗ್ಗೆ ಎಂಟಕ್ಕೆ ಬಂದ ಸಂದೇಶವನ್ನು ಒಂಬತ್ತನೇ ತರಗತಿಯ ಮಗ ಗಟ್ಟಿಯಾಗಿ ಓದಿದ: ‘ಅಮ್ಮಾ, ನಿನ್ನದು ಮೂರು ಓವರ್‌ಡ್ಯೂ ಅಂತೆ.’ ನಮ್ಮ ಕಡೆಯ ಬಡವರ ಮನೆಗಳಲ್ಲಿ ಓವರ್‌ಡ್ಯೂ ಎಂಬ ಪದಕ್ಕೆ ಒಂದೇ ಅರ್ಥ. ವಾರದ ಕಂತು ಕಟ್ಟಿಲ್ಲ, ವಸೂಲಿಯವನು ಬಾಗಿಲಿಗೆ ಬರುತ್ತಾನೆ ಎಂದು. ಕಿರುಸಾಲದ ವಸೂಲಿಗೆ ಬಂದವರ ಕಾಟ ತಾಳದೆ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಪದ ಕಿವಿಗೆ ಬಿದ್ದ ಕೂಡಲೇ ಗಂಡ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಕೇಳಿದ್ದು ಒಂದೇ ಮಾತು: ‘ಯಾರ ಹತ್ತಿರ ತಗೊಂಡೆ? ಎಷ್ಟು ತಗೊಂಡೆ?’

‘ಸಂಘದ ಕಂತು ಒಂದು ವಾರವೂ ತಪ್ಪಿಸಿದವಳಲ್ಲ ನಾನು’ ಎಂದಳು. ‘ಕಥೆಯದು, ಸಾಲದ್ದಲ್ಲ ಅಂತ ಎಷ್ಟು ಹೇಳಿದರೂ ಅವರು ಎರಡು ದಿನ ನಂಬಲಿಲ್ಲ ಆಪಾ. ಕಥೆಗೂ ಬಾಕಿ ಇರುತ್ತಾ ಅಂತ ಕೇಳಿದರು.’

ಆ ಮೂರು ಬಾಕಿಗಳು ಯಾವುವೆಂದು ನಾನು ಕೇಳಿದೆ. ಮೂರೂ ಒಬ್ಬರೇ ಅಜ್ಜಿಯ ಕಥೆಗಳು. ಅರ್ಧ ಹೇಳುವಷ್ಟರಲ್ಲಿ ಅವರಿಗೆ ಜ್ವರ ಬಂದಿತ್ತು. ಇವಳು ನಾಲ್ಕು ಸಲ ಹೋಗಿದ್ದಾಳೆ. ಒಂದು ದಿನ ಗಂಜಿ ಕುಡಿಸಿದ್ದಾಳೆ, ಒಂದು ದಿನ ಸೊಸೆ ಆಸ್ಪತ್ರೆಗೆ ಹೋದಾಗ ಕಾವಲು ಕೂತಿದ್ದಾಳೆ. ಕಥೆ ಕೇಳಲಿಲ್ಲ. ಕೇಳುವ ಹೊತ್ತಾಗಿರಲಿಲ್ಲ ಅದು. ಆ್ಯಪ್‌ನ ಲೆಕ್ಕದಲ್ಲಿ ಆ ವಾರ ಅವಳು ಮಾಡಿದ ಕೆಲಸ ಸೊನ್ನೆ.

ಇದನ್ನು ಹೇಳಿ ‘ನೋಡಿದಿರಾ, ಯಂತ್ರಕ್ಕೆ ಹೃದಯವಿಲ್ಲ’ ಎಂದು ಷರಾ ಬರೆದುಬಿಡುವುದು ಸುಲಭ. ಹಾಗೆ ಬರೆದರೆ ಅರ್ಧ ಸತ್ಯವಷ್ಟೇ ಆದೀತು. ಏಕೆಂದರೆ ಮುಂದಿನ ಮೂರು ವಾರ ಎರಡನೆಯ ಆ್ಯಪ್, ಅಂದರೆ ಟ್ರೆಲೊದ ಬೋರ್ಡು, ನಮಗೆ ಬೇರೆಯದೇ ಒಂದು ಸಂಗತಿಯನ್ನು ತೋರಿಸಿತು. ಏಳು ಹಂತಕ್ಕೆ ಏಳು ಸಾಲು ಮಾಡಿ ಕಾರ್ಡುಗಳನ್ನು ಹಾಕಿದ್ದೆವು. ಅದರಲ್ಲೂ ತಾರೀಖು ತುಂಬಿದರೆ ಕೆಂಪು ಬಣ್ಣ ಬರುತ್ತದೆ, ಆದರೆ ತುಂಬಲೇಬೇಕೆಂಬ ಒತ್ತಾಯವಿಲ್ಲ. ನಾವು ತುಂಬಲಿಲ್ಲ. ಹತ್ತು ದಿನ ಕಳೆಯುವಷ್ಟರಲ್ಲಿ ಒಂದು ಸಾಲು ಮಾತ್ರ ಉದ್ದವಾಗುತ್ತ ಹೋಯಿತು. ‘ಕರಡು ತಿದ್ದುವುದು’ ಎಂಬ ಸಾಲಿನಲ್ಲಿ ಹದಿನಾಲ್ಕು ಕಾರ್ಡುಗಳು. ಅದರ ಮುಂದಿನ ಸಾಲು ಖಾಲಿ.

ಕರಡು ತಿದ್ದುವವರು ಕನ್ನಡ ಮೇಷ್ಟ್ರು ಒಬ್ಬರೇ. ಅನುವಾದವೂ ಅವರದೇ. ಕಣ್ಣಿನ ಪೊರೆಯ ಆಪರೇಷನ್ ಆಗಬೇಕಿತ್ತಂತೆ, ನಮ್ಮ ಪುಸ್ತಕ ಮುಗಿಯಲಿ ಎಂದು ಮುಂದೂಡಿದ್ದರು. ಯಾರಿಗೂ ಹೇಳಿರಲಿಲ್ಲ. ‘ನಿಮ್ಮ ಮನೆಮಾತಿನ ಕೆಲಸಕ್ಕೆ ನನ್ನನ್ನು ನಂಬಿ ಕರೆದಿದ್ದೀರಿ, ಆಗುವುದಿಲ್ಲ ಅಂತ ಹೇಗೆ ಹೇಳಲಿ?’ ಎಂದರು. ಸಂಕೋಚದ ಮನುಷ್ಯ ಬಾಯಿಬಿಟ್ಟು ಹೇಳಲಾರದ್ದನ್ನು ಆ ಉದ್ದನೆಯ ಸಾಲು ಹೇಳಿತ್ತು. ನಾವು ಒಂದು ತಿಂಗಳು ಹೊಸ ಕಥೆ ಕೇಳುವುದನ್ನೇ ನಿಲ್ಲಿಸಿದೆವು. ಅವರು ಆಪರೇಷನ್ ಮಾಡಿಸಿಕೊಂಡರು. ಬ್ಯಾಂಕಿನವರು ಮತ್ತು ನಾನು ಕರಡುಗಳನ್ನು ಹಂಚಿಕೊಂಡೆವು. ಹಿಂದೆ ರಾಶಿ ಬೀಳುತ್ತಿದ್ದರೆ ಮುಂದಿನದನ್ನು ತಯಾರಿಸಬೇಡ ಎಂಬ ಆ ಜಪಾನೀ ಕಾರ್ಖಾನೆಯ ಬುದ್ಧಿ ನಮ್ಮ ಮೇಷ್ಟ್ರ ಕಣ್ಣಿಗೆ ಉಪಯೋಗಕ್ಕೆ ಬಂತು.

ಒಂದು ಆ್ಯಪ್ ಒಬ್ಬ ಹೆಂಗಸನ್ನು ಅವಳ ಮನೆಯಲ್ಲೇ ತಲೆತಗ್ಗಿಸುವಂತೆ ಮಾಡಿತು, ಇನ್ನೊಂದು ಒಬ್ಬ ವೃದ್ಧರನ್ನು ಕಾಪಾಡಿತು. ಎರಡೂ ಕೆಲಸದ ಲೆಕ್ಕ ಇಡುವಂಥವೇ. ವ್ಯತ್ಯಾಸ ಎಲ್ಲಿದೆ ಎಂದು ನಾನು ಬಹಳ ಯೋಚಿಸಿದೆ. ಮೊದಲಿನದು ಕೇಳುತ್ತಿದ್ದುದು ‘ಯಾರು ನಿಲ್ಲಿಸಿದರು?’ ಎಂದು. ಎರಡನೆಯದನ್ನು ನಾವು ಬಳಸಿದ ರೀತಿಯಲ್ಲಿ ಅದು ಕೇಳುತ್ತಿದ್ದುದು ‘ಎಲ್ಲಿ ನಿಂತಿದೆ?’ ಎಂದು. ಮಾಲೀಕ, ಸಂಬಳಗಾರ ಎಂಬ ಸಂಬಂಧವಿರುವಲ್ಲಿ ಮೊದಲ ಪ್ರಶ್ನೆಗೂ ಜಾಗವಿರಬಹುದು. ಪ್ರೀತಿಯಿಂದ, ಬಿಡುವಿನಲ್ಲಿ, ಬಿಟ್ಟಿಯಾಗಿ ಕೆಲಸ ಮಾಡುವವರ ನಡುವೆ ಆ ಪ್ರಶ್ನೆ ಬಂದು ಕೂತರೆ ಗೆಳೆತನ ಕಚೇರಿಯಾಗುತ್ತದೆ. ಆ್ಯಪ್ ತಾನು ಹುಟ್ಟಿದ ಜಾಗದ ಸಂಬಂಧಗಳನ್ನೂ ಜೊತೆಗೆ ಹೊತ್ತು ತರುತ್ತದೆ. ಅದು ಕಳಿಸುವ ಪದ ಯಾರ ಮನೆಯಲ್ಲಿ, ಯಾರ ಎದುರಿಗೆ ಓದಲ್ಪಡುತ್ತದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಗೊತ್ತಿರಬೇಕಾದವರು ಆರಿಸುವ ನಾವು.

ಕೊನೆಗೆ ನಾವು ಮಾಡಿಕೊಂಡ ಏರ್ಪಾಡು ಹೀಗಿದೆ. ಡಿಟಿಪಿ ಅಂಗಡಿಯ ಗೋಡೆಗೆ ಏಳು ದಾರ ಕಟ್ಟಿದ್ದೇವೆ. ಕಥೆಗೊಂದು ರಟ್ಟಿನ ಕಾರ್ಡು, ಬಟ್ಟೆ ಒಣಹಾಕುವ ಕ್ಲಿಪ್ಪು. ಕಾತಿಬ್ ಸಾಹೇಬರು ಪ್ರತಿ ಕಾರ್ಡಿನ ಮೇಲೆ ಕಥೆಯ ಹೆಸರನ್ನು ನಸ್ತಾಲಿಕ್‌ನಲ್ಲಿ ಬರೆದಿದ್ದಾರೆ, ಕೆಳಗೆ ಮೇಷ್ಟ್ರು ಕನ್ನಡದಲ್ಲಿ. ಕಾನ್‌ಬಾನ್ ಹುಟ್ಟಿದ್ದೇ ಕಾಗದದ ಚೀಟಿಯಾಗಿ ಎಂದು ತಂಗಿಯ ಮಗಳು ನೆನಪಿಸಿದಳು. ಶುಕ್ರವಾರ ಜುಮ್ಮಾ ಮುಗಿಸಿ ಬಂದ ಹುಡುಗ ಗೋಡೆಯಲ್ಲಿ ಇದ್ದಂತೆಯೇ ಟ್ರೆಲೊದ ಕಾರ್ಡುಗಳನ್ನೂ ಸರಿಸುತ್ತಾನೆ. ಬೆಂಗಳೂರಿನಲ್ಲಿರುವವಳು ಅದನ್ನು ನೋಡಿಕೊಳ್ಳುತ್ತಾಳೆ, ತಿಂಗಳಿಗೊಮ್ಮೆ ಎಲ್ಲವನ್ನೂ ಹೊರತೆಗೆದು ಬೇರೆ ಕಡೆ ಇಡುತ್ತಾಳೆ. ಆ್ಯಪ್‌ನೊಳಗಿರುವವರು ನಾವು ಮೂವರೇ. ಉಳಿದ ಐವರ ಫೋನಿಗೆ ಯಾವ ಸಂದೇಶವೂ ಹೋಗುವುದಿಲ್ಲ. ಕೇಳಬೇಕಾದದ್ದನ್ನು ನಾನು ಫೋನ್ ಮಾಡಿ, ಇಲ್ಲವೇ ಹೋಗಿ ಕೇಳುತ್ತೇನೆ. ಕಾರ್ಡಿನಲ್ಲಿ ತಾರೀಖಿನ ಬದಲು ‘ಏನಾಗಬೇಕು’ ಎಂಬ ಒಂದು ಸಾಲು: ‘ಜ್ವರ ಇಳಿಯಬೇಕು’, ‘ಈದ್ ಬಟ್ಟೆ ಮುಗಿಯಬೇಕು’, ‘ಮೇಷ್ಟ್ರ ಕಣ್ಣಿಗೆ ಡಾಕ್ಟರ್ ಒಪ್ಪಿಗೆ ಕೊಡಬೇಕು’. ಹೊಲಿಗೆ ತಂಗಿ ಎರಡು ತಿಂಗಳ ಮೇಲೆ ಒಂದು ಪಹೇಲಿಯ ಧ್ವನಿಸಂದೇಶ ಕಳಿಸಿದಳು. ಉತ್ತರ ಹೇಳಿದರೆ ಮಾತ್ರ ಮತ್ತೆ ಬರುತ್ತೇನೆ ಎಂಬ ಷರತ್ತಿನೊಂದಿಗೆ. ಉತ್ತರ ಹೇಳಿದ್ದು ಅವಳ ಗಂಡನಿಂದಲೇ ಕೇಳಿ ತಿಳಿದುಕೊಂಡ ಡಿಟಿಪಿ ಹುಡುಗ.

ಮದರಸಾದ ಕಮಿಟಿ, ಶಾಲೆಯ ಅಭಿವೃದ್ಧಿ ಸಮಿತಿ, ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕ, ಮಹಿಳಾ ಸಂಘ, ಹೀಗೆ ನಾಲ್ಕು ಜನ ಸೇರಿ ಮಾಡುವ ಕೆಲಸದಲ್ಲಿರುವ ಓದುಗರು ಇಂಥ ಆ್ಯಪ್ ಹುಡುಕುತ್ತಿದ್ದರೆ ನನ್ನದೊಂದು ಮಾತು. ಮೊದಲು ಕೆಲಸದ ಆಕಾರ ನೋಡಿ. ಒಬ್ಬರದೇ ಕೆಲಸವಾದರೆ ಪಟ್ಟಿ, ಹಲವು ಕೈ ದಾಟುವುದಾದರೆ ಬೋರ್ಡು, ವಿವರ ಹೆಚ್ಚಿದ್ದರೆ ಕೋಷ್ಟಕ, ಉರುಸ್‌ನಂತೆ, ಜಾತ್ರೆಯಂತೆ ದಿನ ನಿಗದಿಯಾಗಿದ್ದರೆ ಕಾಲರೇಖೆ. ಆಮೇಲೆ ನಿಮ್ಮ ಗುಂಪಿನಲ್ಲಿ ಅತ್ಯಂತ ಹಳೆಯ ಫೋನ್ ಯಾರದೋ ಅವರ ಕೈಗೆ ಕೊಟ್ಟು ನೋಡಿ. ಇಟ್ಟದ್ದನ್ನು ಹೊರತೆಗೆಯಲು ಬರುತ್ತದೆಯೇ ಎಂದು ಮೊದಲ ವಾರವೇ ತೆಗೆದು ನೋಡಿ. ಕೊನೆಯದಾಗಿ, ಅದು ಕಳಿಸುವ ಸಂದೇಶಗಳನ್ನು ನಿಮ್ಮ ಮನೆಯಲ್ಲಿ ಕೂತು ಗಟ್ಟಿಯಾಗಿ ಓದಿ ನೋಡಿ.

ಈ ಬರಹ ಬರೆಯುವ ಹೊತ್ತಿಗೆ ನಮ್ಮ ಗೋಡೆಯ ಏಳನೆಯ ದಾರದಲ್ಲಿ ನಲವತ್ತೊಂದು ಕಾರ್ಡುಗಳಿವೆ. ಆ ದಾರದ ಹೆಸರು ‘ದಾದಿ ಒಪ್ಪಿದ್ದು’. ಆರನೆಯ ದಾರದಲ್ಲಿ, ಬೇರೆಲ್ಲ ಮುಂದೆ ಹೋದರೂ ಹಾಗೇ ಉಳಿದಿರುವ ಒಂದು ಕಾರ್ಡಿದೆ. ಜ್ವರ ಬಂದಿದ್ದ ಆ ಅಜ್ಜಿ ಚೇತರಿಸಿಕೊಂಡು ಎರಡು ಕಥೆಗಳನ್ನು ಪೂರ್ತಿ ಮಾಡಿಕೊಟ್ಟರು, ಓದಿ ಕೇಳಿಸಿದಾಗ ತಪ್ಪುಗಳನ್ನೂ ಹಿಡಿದರು. ಮೂರನೆಯ ಕಥೆಯ ಕರಡು ತಿದ್ದಿ ಮುಗಿದ ವಾರ ತೀರಿಕೊಂಡರು. ಅದನ್ನೂ ಏಳಕ್ಕೆ ಸರಿಸಿಬಿಟ್ಟರೆ ಲೆಕ್ಕ ಸರಿಯಾಗುತ್ತದೆ ಎಂದು ಹುಡುಗ ಹೇಳಿದ. ಹೊಲಿಗೆ ತಂಗಿ ಒಪ್ಪಲಿಲ್ಲ. ಅವಳೇ ಆ ಕಾರ್ಡನ್ನು ಬಿಚ್ಚಿ, ‘ಏನಾಗಬೇಕು’ ಎಂಬ ಸಾಲಿನ ಮುಂದೆ ಏನನ್ನೂ ಬರೆಯದೆ, ಅದೇ ದಾರಕ್ಕೆ ಮತ್ತೆ ಸಿಕ್ಕಿಸಿದಳು. ಟ್ರೆಲೊದಲ್ಲೂ ಅದು ಅಲ್ಲೇ ಇದೆ.